ಎಲ್ಲರದೂ ಹದಿನೆಂಟು

ಆ ಆಸ್ಪತ್ರೆಯ ಶಸ್ತ್ರಚಿಕಿತ್ಸೆ ವಾರ್ಡಿನಲ್ಲಿ ಅವಳನ್ನು ನಿಮಿಷದಕ್ಕ ಎಂದು ಕರೆಯುತ್ತಾರೆ. ಹೊಗಳಿ ಇಟ್ಟ ಹೆಸರೇನಲ್ಲ. ಎಡಕ್ಕೆ ಗಂಡಸರ ಹದಿನಾಲ್ಕು ಮಂಚ, ಬಲಕ್ಕೆ ಹೆಂಗಸರ ಹದಿನಾಲ್ಕು ಮಂಚ. ಒಂದು ಕಡೆಯ ಸುತ್ತನ್ನು ಉಳಿದ ನರ್ಸುಗಳು ಹತ್ತು ನಿಮಿಷದಲ್ಲಿ ಮುಗಿಸಿದರೆ ಈಕೆಗೆ ಅರ್ಧ ಗಂಟೆ ಬೇಕು. ಚಹಾ ಗಾಡಿಯವನು ಅವಳ ಬೆನ್ನ ಹಿಂದೆ ನಿಂತು ನಿಂತು ಚಹಾ ಆರಿಸಿಕೊಳ್ಳುತ್ತಾನೆ.

"ನಿಮಿಷದಕ್ಕ ಸುತ್ತಿಗೆ ಬಂದ್ರೆ ಗೋಡೆ ಗಡಿಯಾರನೂ ಕೂತು ಸುಧಾರಿಸಿಕೊಳ್ಳುತ್ತೆ," ಎನ್ನುವುದು ಅವನ ಮಾತು.

ಅವಳು ನಗುವುದಿಲ್ಲ. ಸಿಟ್ಟಾಗುವುದೂ ಇಲ್ಲ. ರೋಗಿಯ ಮುಂಗೈ ಹಿಡಿದು, ಎದೆಗೆ ಸಿಕ್ಕಿಸಿಕೊಂಡ ಪುಟ್ಟ ಗಡಿಯಾರ ನೋಡುತ್ತ ನಿಂತಿರುತ್ತಾಳೆ. ನಾಡಿ ನೋಡುತ್ತಿದ್ದಾಳೆ ಎಂದು ರೋಗಿ ತಿಳಿದುಕೊಳ್ಳುತ್ತಾನೆ. ಆದರೆ ಅವಳು ಎಣಿಸುತ್ತಿರುವುದು ಉಸಿರು. ಉಸಿರು ಎಣಿಸುತ್ತೇನೆಂದು ಹೇಳಿದರೆ ಜನ ಫೋಟೋಕ್ಕೆ ಕುಳಿತವರಂತೆ ಉಸಿರಾಡಲು ಶುರುಮಾಡುತ್ತಾರೆ. ಅದಕ್ಕೆ ಈ ಸಣ್ಣ ಮೋಸ.

ದೊಡ್ಡ ಮೋಸ ಬೇರೆಯದೇ ಇತ್ತು.

ಪ್ರತಿ ಮಂಚದ ಕಾಲಿಗೂ ಒಂದು ಹಾಳೆ ತೂಗುತ್ತದೆ. ಅದರಲ್ಲಿ ನಾಲ್ಕು ಸಾಲು: ಜ್ವರ, ನಾಡಿ, ರಕ್ತದೊತ್ತಡ, ಉಸಿರು. ಮೊದಲ ಮೂರನ್ನು ಯಂತ್ರ ಹೇಳುತ್ತದೆ. ನಾಲ್ಕನೆಯದನ್ನು ಮನುಷ್ಯರೇ ಎಣಿಸಬೇಕು, ಪೂರ್ತಿ ಒಂದು ನಿಮಿಷ, ಎದೆ ಏರಿಳಿಯುವುದನ್ನು ನೋಡುತ್ತ. ಆ ನಿಮಿಷ ಯಾರ ಬಳಿಯೂ ಇರಲಿಲ್ಲ. ಹಾಗಾಗಿ ಎಲ್ಲರೂ ಹದಿನೆಂಟು ಎಂದು ಬರೆಯುತ್ತಿದ್ದರು. ಹದಿನೆಂಟೇ ಯಾಕೆ ಎಂದರೆ, ಹದಿನೈದು ಸ್ವಲ್ಪ ಜಿಪುಣತನ ಅನಿಸುತ್ತದೆ, ಇಪ್ಪತ್ತು ಗುಂಡಗಿದ್ದು ಸುಳ್ಳಿನ ವಾಸನೆ ಹೊಡೆಯುತ್ತದೆ. ಹದಿನೆಂಟು ಮರ್ಯಾದಸ್ಥ ಸಂಖ್ಯೆ. ಎಣಿಸಿದವರು ಬರೆದಂತೆಯೇ ಕಾಣುತ್ತದೆ. ಸತ್ತು ಹತ್ತು ನಿಮಿಷವಾಗಿದ್ದ ಮುದುಕನೊಬ್ಬನಿಗೂ ಹದಿನೆಂಟು ಬರೆದಿದ್ದರೆಂದು ನರ್ಸುಗಳು ಊಟದ ಕೋಣೆಯಲ್ಲಿ ಹೇಳಿಕೊಂಡು ನಗುತ್ತಿದ್ದರು. ಇವಳೂ ನಗುತ್ತಿದ್ದಳು, ನಗು ಬರುತ್ತಿದ್ದ ಕಾಲದಲ್ಲಿ.

ಆ ಕಾಲ ಮುಗಿದದ್ದು ಅವಳ ಅಮ್ಮ ಇಪ್ಪತ್ತೆರಡನೆಯ ಮಂಚಕ್ಕೆ ಬಂದ ವಾರ. ಪಿತ್ತಕೋಶದ ಕಲ್ಲು, ಸಾಧಾರಣ ಆಪರೇಷನ್. ಮೂರನೆಯ ದಿನ ಮಧ್ಯಾಹ್ನ ನಾಲ್ಕೂವರೆಗೆ ಅಮ್ಮ ಹೋದಳು. ಮಗಳು ಅದೇ ವಾರ್ಡಿನ ಎಡಗಡೆಯಲ್ಲಿ ಗಂಡಸರಿಗೆ ಗಾಯದ ಪಟ್ಟಿ ಬದಲಿಸುತ್ತಿದ್ದಳು. ಅಮ್ಮನ ಮೈಯನ್ನು ತಾನೇ ಒರೆಸಿದಳು, ತಲೆ ಬಾಚಿದಳು, ಕಾಲ್ಬೆರಳಿಗೆ ಚೀಟಿ ಕಟ್ಟಿದಳು. ಕಟ್ಟುವಾಗ ಹಾಳೆ ಕಣ್ಣಿಗೆ ಬಿತ್ತು. ನಾಲ್ಕು ಗಂಟೆಯ ಚೌಕದಲ್ಲಿ ಉಸಿರು ಹದಿನೆಂಟು. ಎಂಟರ ಬಾಲ ಬೆಕ್ಕಿನ ಬಾಲದ ಹಾಗೆ ಮೇಲಕ್ಕೆ ಸುತ್ತಿಕೊಂಡಿತ್ತು. ಅದು ಯಾರ ಕೈಬರಹ ಎಂದು ವಾರ್ಡಿಗೆಲ್ಲ ಗೊತ್ತು. ಅವಳು ಹಾಳೆಯನ್ನು ಫೈಲಿಗೆ ಸೇರಿಸಿ ದಾರ ಕಟ್ಟಿದಳು.

ಆಮೇಲೆ ಎಂಟು ತಿಂಗಳು ಅವಳಿಗೆ ಏನೂ ಆಗಲಿಲ್ಲ. ಅಳು ಬರಲಿಲ್ಲ, ರಜೆ ಬೇಕೆನಿಸಲಿಲ್ಲ. ಒಮ್ಮೆ ಇಸ್ತ್ರಿಪೆಟ್ಟಿಗೆ ಮಣಿಕಟ್ಟಿಗೆ ತಗಲಿತು. ಸುಟ್ಟ ವಾಸನೆ ಮೂಗಿಗೆ ಬಡಿದ ಮೇಲೆಯೇ ಅದು ತನ್ನದೇ ಚರ್ಮ ಎಂದು ಗೊತ್ತಾದದ್ದು. ಅವಳ ಗಂಡ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು. ಪತ್ರಿಕೆಯ ಆರೋಗ್ಯ ಪುಟ ಓದಿ ಬೀದಿಗೆಲ್ಲ ರೋಗ ಹಂಚುವುದು ಅವನ ಹವ್ಯಾಸ.

"ನಿಂಗೆ ಕಬ್ಬಿಣದ ಕೊರತೆ," ಎಂದ.

"ಇಸ್ತ್ರಿಪೆಟ್ಟಿಗೆಯಲ್ಲಿ ಬೇಕಾದಷ್ಟು ಸಿಕ್ಕಿತಲ್ಲ," ಎಂದಳು. ಅದು ತಮಾಷೆಯಂತೆ ಕೇಳಿಸಿ ಅವನು ನಿರಾಳನಾದ.

ಹೀಗಿರುವಾಗ ಆಸ್ಪತ್ರೆಗೆ ಉಸಿರು ಮೇಷ್ಟ್ರು ಬಂದರು. ನರ್ಸುಗಳಿಗೆ ತಮ್ಮ ಮೈಮನಸ್ಸಿನ ಮೇಲೆ ಎಚ್ಚರ ಕಲಿಸಲು ಎರಡು ಗಂಟೆಯ ತರಬೇತಿ, ಹನ್ನೆರಡರಿಂದ ಎರಡರವರೆಗೆ. ಊಟದ ಹೊತ್ತನ್ನು ಯಾರು ಆರಿಸಿದರೋ ಅವರು ಮಾತ್ರ ಊಟ ಮಾಡಿ ಬಂದಿದ್ದರು. ಆಸ್ಪತ್ರೆಯ ಮುಖ್ಯಸ್ಥರು 'ಈ ಕ್ಷಣದಲ್ಲಿ ಇರುವುದು' ಎಂಬ ವಿಷಯದ ಮೇಲೆ ಮೂವತ್ತೈದು ನಿಮಿಷ ಮಾತಾಡಿದರು, ನಡುನಡುವೆ ಫೋನು ನೋಡಿಕೊಂಡು. ಮಾತು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿತ್ತು. ಆಮೇಲೆ ಮೇಷ್ಟ್ರು ಸಣ್ಣ ಗಂಟೆಯೊಂದನ್ನು ಹೊಡೆದು, ಎಲ್ಲರಿಗೂ ಚೀಟಿ ಹಂಚಿ, ಕಣ್ಣು ಮುಚ್ಚಿ ಒಂದು ನಿಮಿಷ ತಮ್ಮ ತಮ್ಮ ಉಸಿರು ಎಣಿಸಿ ಬರೆಯಿರಿ ಎಂದರು.

ಮೂವತ್ತೆರಡು ಚೀಟಿಗಳು ವಾಪಸು ಬಂದವು. ಮೂವತ್ತರಲ್ಲಿ ಹದಿನೆಂಟು. ಎರಡರಲ್ಲಿ ಇಪ್ಪತ್ತು, ಅವರಿಬ್ಬರೂ ಹೊಸಬರು.

ಮೇಷ್ಟ್ರು ಚೀಟಿಗಳನ್ನು ಎರಡು ಸಲ ತಿರುವಿ ನೋಡಿದರು. ಅವರ ಕಣ್ಣು ಒದ್ದೆಯಾಯಿತು. "ಹನ್ನೊಂದು ವರ್ಷದಿಂದ ಈ ಕೆಲಸ ಮಾಡ್ತಿದ್ದೀನಿ. ಇಂಥ ಒಂದೇ ಲಯದ ಸಮೂಹ ನಾನು ಎಲ್ಲೂ ನೋಡಿಲ್ಲ," ಎಂದರು. ಮುಖ್ಯಸ್ಥರು ಆ ಲಯವನ್ನು ತಾವೇ ಬೆಳೆಸಿದವರಂತೆ ತಲೆ ಬಾಗಿಸಿದರು. ಫೋಟೋ ತೆಗೆದರು. ನರ್ಸುಗಳು ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಕಾರಿಡಾರಿಗೆ ಬಂದ ಮೇಲೆ ಗೋಡೆಗೆ ಆನಿಕೊಂಡು ಹೊಟ್ಟೆ ಹಿಡಿದು ನಕ್ಕರು.

ಇವಳ ಚೀಟಿಯಲ್ಲೂ ಹದಿನೆಂಟೇ ಇತ್ತು. ಆದರೆ ಅವಳು ಬೇರೆಯದನ್ನು ಯೋಚಿಸುತ್ತಿದ್ದಳು. ಕಣ್ಣು ಮುಚ್ಚಿದ್ದು ನೆನಪಿತ್ತು, ಬರೆದದ್ದು ನೆನಪಿತ್ತು. ನಡುವಿನ ನಿಮಿಷ ಎಲ್ಲಿ ಹೋಯಿತೆಂದು ತಿಳಿಯಲಿಲ್ಲ. ಕೈ ತಾನಾಗಿ ಬರೆದಿತ್ತು. ತನ್ನದೇ ಉಸಿರಿಗೆ, ತನ್ನನ್ನು ಕೇಳದೆ.

ವಾರ್ಡಿಗೆ ಮರಳಿದಾಗ ಎರಡು ಗಂಟೆ ಹತ್ತು ನಿಮಿಷ. ಎರಡು ಗಂಟೆಯ ಸುತ್ತಿಗೆ ತಡವಾದೀತೆಂದು ಅವಳು ತರಬೇತಿಗೆ ಹೋಗುವ ಮೊದಲೇ ಹದಿನಾಲ್ಕು ಹಾಳೆಗಳಲ್ಲೂ ಎರಡು ಗಂಟೆಯ ಉಸಿರನ್ನು ತುಂಬಿಟ್ಟಿದ್ದಳು. ಎಲ್ಲರೂ ಮಾಡುವ ಕೆಲಸ. ಇನ್ನು ಯಂತ್ರ ಹೇಳಿದ್ದನ್ನು ಬರೆದರೆ ಮುಗಿಯಿತು.

ಒಂಬತ್ತನೆಯ ಮಂಚದಲ್ಲಿ ಒಬ್ಬ ದರ್ಜಿ. ವಯಸ್ಸು ಎಪ್ಪತ್ತರ ಮೇಲೆ, ಹರ್ನಿಯಾ ಆಪರೇಷನ್ ಆಗಿ ನಾಲ್ಕನೆಯ ದಿನ. ಕಣ್ಣಲ್ಲೇ ಅಳತೆ ತೆಗೆಯುವ ಚಟದ ಮನುಷ್ಯ. ಹಿಂದಿನ ದಿನ ಇವಳನ್ನೂ ಬಿಟ್ಟಿರಲಿಲ್ಲ.

"ಸಿಸ್ಟರ್, ನಿಮ್ಮ ಎಡಭುಜ ಬಲದ್ದಕ್ಕಿಂತ ಒಂದಿಂಚು ಇಳಿದಿದೆ. ಹುಟ್ಟಿನಿಂದ ಬಂದಿದ್ದಲ್ಲ, ಈಚೀಚೆಗೆ ಆಗಿರೋದು. ಬಿಚ್ಚಿ ಸರಿ ಮಾಡಬಹುದು."

"ಭುಜಾನಾ, ಅಂಗೀನಾ?"

"ನನ್ನ ಕೈಲಾಗೋದು ಅಂಗಿ ಮಾತ್ರ, ತಾಯಿ."

ಇವತ್ತು ದರ್ಜಿ ಭುಜದ ಸುದ್ದಿ ಎತ್ತಲಿಲ್ಲ. ಹೇಗಿದ್ದೀರಿ ಎಂದರೆ "ಇದ್ದೀನಿ" ಎಂದು, ಮಾತು ನಡುವೆ ನಿಲ್ಲಿಸಿ, "ಸಿಸ್ಟರ್" ಎಂದ. ಜ್ವರ ಇಲ್ಲ. ಒತ್ತಡ ಸರಿ. ನಾಡಿ ನೂರಾನಾಲ್ಕು, ಮುದುಕರಿಗೆ ನೋವಿದ್ದರೆ ಅಷ್ಟಾಗುತ್ತದೆ. ಅವಳು ಮುಂದಿನ ಮಂಚಕ್ಕೆ ಎರಡು ಹೆಜ್ಜೆ ಹೋಗಿದ್ದಳು. ಕಳೆದುಹೋದ ಆ ನಿಮಿಷ ಹಲ್ಲಿನ ಸಂದಿಗೆ ಸಿಕ್ಕಿಕೊಂಡ ನಾರಿನಂತೆ ಇನ್ನೂ ಕಾಡುತ್ತಿತ್ತು. ಒಂದು ನಿಮಿಷವನ್ನು ತನ್ನಿಂದ ಹಿಡಿದಿಟ್ಟುಕೊಳ್ಳಲು ಆಗುತ್ತದೋ ಇಲ್ಲವೋ, ಅಷ್ಟನ್ನು ನೋಡೋಣವೆಂದು ತಿರುಗಿ ಬಂದು ದರ್ಜಿಯ ಮುಂಗೈ ಹಿಡಿದಳು. ಅವನ ಮೇಲಿನ ಕಾಳಜಿಗಲ್ಲ. ಕಾಳಜಿಯಿಂದ ಎಂದು ಅವಳು ಎಂದೂ ಹೇಳಿಕೊಂಡಿಲ್ಲ.

ನಿಮಿಷ ಬಹಳ ಉದ್ದವಿತ್ತು. ಅದರಲ್ಲಿ ದರ್ಜಿಯ ಅಂಗಿಯ ಮೂರನೆಯ ಗುಂಡಿ ಏರುವುದು ಕಂಡಿತು, ಇಳಿಯುವುದು ಕಂಡಿತು. ಕುತ್ತಿಗೆಯ ಬುಡದ ಗುಳಿ ಒಳಕ್ಕೆ ಎಳೆದುಕೊಳ್ಳುವುದು ಕಂಡಿತು. ಹೆಬ್ಬೆರಳಿಗೆ ಅವನ ಚರ್ಮದ ತಂಪು ತಾಗಿತು. ತಾನು ಉಸಿರು ಬಿಗಿ ಹಿಡಿದು ನಿಂತಿದ್ದೇನೆ ಎಂಬುದು ನಲವತ್ತನೆಯ ಸೆಕೆಂಡಿಗೆ ಗೊತ್ತಾಯಿತು. ಮೂವತ್ತೊಂದು. ತಪ್ಪಿರಬಹುದೆಂದು ಮತ್ತೆ ಎಣಿಸಿದಳು. ಮೂವತ್ತೆರಡು.

ಹಾಳೆಯಲ್ಲಿ ಮೊನ್ನೆಯಿಂದ ಸಾಲಾಗಿ ಹದಿನೆಂಟು. ಕೊನೆಯ ಎರಡು ಇವಳದೇ.

ವಾರ್ಡಿನ ನಡುವಿನ ಮೇಜಿನಲ್ಲಿ ದೊಡ್ಡಕ್ಕ ಕುಳಿತಿದ್ದಳು. ಆಕೆ ವಾರ್ಡಿನ ಮುಖ್ಯ ನರ್ಸು. ನಿವೃತ್ತಿಗೆ ಎರಡು ತಿಂಗಳು ಉಳಿದಿತ್ತು. ಆ ಮೇಜು ಮುಂದೆ ಇವಳಿಗೇ ಎಂದು ದೊಡ್ಡಕ್ಕ ತಾನೇ ಶಿಫಾರಸು ಬರೆದು ಕಳಿಸಿದ್ದಳು. ಇವಳು ಹಾಳೆಯನ್ನು ಮುಂದಿಟ್ಟು ವಿಷಯ ಹೇಳಿದಳು. ದೊಡ್ಡಕ್ಕ ಕನ್ನಡಕ ತೆಗೆದು ಒರೆಸಿದಳು.

"ಎರಡು ಗಂಟೆಗೆ ಹದಿನೆಂಟು, ಎರಡೂಕಾಲಿಗೆ ಮೂವತ್ತೆರಡು. ಡಾಕ್ಟರು ಏನಂತಾರೆ ಗೊತ್ತಲ್ಲ?"

"ಹ್ಞೂಂ."

"ಮೆಟ್ಟಿಲು ಹತ್ತಿಸಿಬಿಡು. ಮೂರಕ್ಕೆ ಇಪ್ಪತ್ನಾಲ್ಕು ಅಂತ ಬರಿ, ನಾಲ್ಕಕ್ಕೆ ಮೂವತ್ತು. ಆಗ ಕರಿ. ಹಾವೂ ಸಾಯುತ್ತೆ, ಕೋಲೂ ಮುರಿಯಲ್ಲ. ನಿನ್ನ ಹೆಸರು ಮೇಲಿನವರ ಮುಂದಿದೆ ಕಣೇ, ನೆನಪಿಟ್ಟುಕೋ."

"ನಾಲ್ಕರವರೆಗೆ ಇವನು?"

"ಮೊನ್ನೆಯಿಂದ ಇದ್ದವನು ಇನ್ನೆರಡು ಗಂಟೆ ಇರೋದಿಲ್ವಾ?"

ದೊಡ್ಡಕ್ಕ ಕೆಟ್ಟವಳಲ್ಲ. ಯಾರಿಗೂ ತೊಂದರೆಯಾಗದ ಹಾಗೆ ಮೂವತ್ತಾರು ವರ್ಷ ವಾರ್ಡು ನಡೆಸಿದವಳು. ಅವಳ ಪೆನ್ನು ಮೇಜಿನ ಮೇಲೆ ಮುಚ್ಚಳ ತೆಗೆದು ಮಲಗಿತ್ತು. ಪಕ್ಕದ ಹಾಳೆಯಲ್ಲಿ ಆಗಷ್ಟೇ ಬರೆದ ಎಂಟೊಂದು ಬಾಲ ಸುತ್ತಿಕೊಂಡು ಕೂತಿತ್ತು. ಇವಳು ಅದನ್ನು ನೋಡಿದಳು. ಅಮ್ಮನದು ನಾಲ್ಕು ಗಂಟೆಯ ಚೌಕ ಎಂಬುದು ನೆನಪಾಯಿತು. ಬೇರೇನೂ ಆಗಲಿಲ್ಲ. ತನ್ನ ಎರಡು ಗಂಟೆಯ ಹದಿನೆಂಟರ ಮೇಲೆ ಅಡ್ಡಗೆರೆ ಎಳೆದಳು. ಪಕ್ಕದಲ್ಲಿ ಮೂವತ್ತೆರಡು ಎಂದು ಬರೆದು ಸಹಿ ಹಾಕಿ ಫೋನು ಎತ್ತಿದಳು.

ಕಿರಿಯ ಡಾಕ್ಟರು ಬಾಯಲ್ಲಿ ಬ್ರೆಡ್ಡು ಇಟ್ಟುಕೊಂಡೇ ಬಂದರು. ಹಾಳೆ ನೋಡಿದರು.

"ಎರಡಕ್ಕೆ ಹದಿನೆಂಟಿತ್ತಲ್ಲ ಸಿಸ್ಟರ್?"

"ಅದು ಎಣಿಸಿದ್ದಲ್ಲ."

"ಮತ್ತೆ?"

"ಬರೆದದ್ದು."

ಡಾಕ್ಟರು ಬ್ರೆಡ್ಡು ನುಂಗಿದರು. ಆಮೇಲೆ ಎಲ್ಲವೂ ಬೇಗ ನಡೆಯಿತು. ಮಂಚದ ಚಕ್ರದ ಬೀಗ ಬಿಚ್ಚಿದರು, ಮೂಗಿಗೆ ಆಮ್ಲಜನಕ ಹಚ್ಚಿ ಲಿಫ್ಟಿಗೆ ತಳ್ಳಿದರು. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತದ ಚೂರು ಶ್ವಾಸಕೋಶಕ್ಕೆ ಹೋಗಿ ಕೂತಿತ್ತು. ನಾಲ್ಕು ಗಂಟೆಯವರೆಗೆ ಕಾದಿದ್ದರೆ ಹೆಣ ಸಾಗಿಸಲು ಕರೆಯಬೇಕಾಗುತ್ತಿತ್ತು ಎಂದು ಸಂಜೆ ದೊಡ್ಡ ಡಾಕ್ಟರು ಹೇಳಿದರು. ದೊಡ್ಡಕ್ಕ ಅದನ್ನು ಕೇಳಿಸಿಕೊಂಡು, ಮೇಜಿನ ಮೇಲಿನ ಪೆನ್ನಿಗೆ ಮುಚ್ಚಳ ಹಾಕಿದಳು.

ಇವಳಿಗೆ ಮೂವರ ಸಮಿತಿಯಿಂದ ಕರೆ ಬಂತು. ಎಣಿಸದೆ ಬರೆಯುವುದು ಎಷ್ಟು ದಿನದಿಂದ ನಡೆದಿದೆ ಎಂದು ಕೇಳಿದರು. "ನನ್ನದು ಇಪ್ಪತ್ತಮೂರು ವರ್ಷದಿಂದ," ಎಂದಳು. ಬೇರೆಯವರದು? "ಬೇರೆಯವರನ್ನ ಕೇಳಿ." ಬೇರೆಯವರನ್ನು ಯಾರೂ ಕೇಳಲಿಲ್ಲ, ಕೇಳಿದರೆ ಆಸ್ಪತ್ರೆಯ ಅಷ್ಟೂ ಕಪಾಟುಗಳನ್ನು ತೆಗೆಯಬೇಕಾಗುತ್ತಿತ್ತು. ಇವಳಿಗೆ ಎಚ್ಚರಿಕೆಯ ಪತ್ರ ಕೊಟ್ಟರು. ಸಿಗಬೇಕಿದ್ದ ಮೇಜು ಮೇಲಿನ ಮಹಡಿಯ ಇನ್ನೊಬ್ಬಳಿಗೆ ಹೋಯಿತು. ಇನ್ನು ಮುಂದೆ ಎಲ್ಲರೂ ಪೂರ್ತಿ ನಿಮಿಷ ಎಣಿಸತಕ್ಕದ್ದು ಎಂಬ ಸುತ್ತೋಲೆ ಗೋಡೆಗೆ ಅಂಟಿತು. ಅದನ್ನು ಓದುತ್ತಲೇ ವಾರ್ಡಿನವರೆಲ್ಲ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರೆಂಬ ಹಾಗೆ, ಇವಳ ಮೇಲೆ ಮುನಿಸಿಕೊಂಡರು. "ಒಬ್ಬಳಿಗೆ ಜ್ಞಾನೋದಯ ಆಯ್ತು, ನಮಗೆಲ್ಲ ಕಾಲುನೋವು ಬಂತು," ಎಂದಳು ಜೊತೆಯವಳೊಬ್ಬಳು. ಮೂರು ವಾರ ಎಲ್ಲರೂ ಎಣಿಸಿದರು. ನಾಲ್ಕನೆಯ ವಾರ ಸುತ್ತೋಲೆಯ ಒಂದು ಮೂಲೆ ಗೋಡೆ ಬಿಟ್ಟಿತು. ಇವಳು ಮಾತ್ರ ಬಿಡಲಿಲ್ಲ, ನಿಮಿಷದಕ್ಕ ಎಂಬ ಹೆಸರು ಬಿದ್ದದ್ದು ಆಗ. ಆ ವರ್ಷದ ವರದಿಯಲ್ಲಿ ಮುಖ್ಯಸ್ಥರು, ತರಬೇತಿಯ ಫಲವಾಗಿ ರೋಗಿಯೊಬ್ಬ ಬದುಕಿದ್ದನ್ನು ಉಸಿರು ಮೇಷ್ಟ್ರ ಫೋಟೋದೊಂದಿಗೆ ಪ್ರಕಟಿಸಿದರು. ಅದು ಪೂರ್ತಿ ಸುಳ್ಳು ಎನ್ನಲೂ ಬರುವುದಿಲ್ಲ.

ದರ್ಜಿ ಹನ್ನೆರಡನೆಯ ದಿನ ಮಗಳ ತೋಳು ಹಿಡಿದು ಮನೆಗೆ ಹೊರಟ. ಬಾಗಿಲ ಬಳಿ ನಿಂತು ಇವಳನ್ನು ಮೇಲಿಂದ ಕೆಳಗೆ ಅಳೆದ.

"ಭುಜ ಹಂಗೇ ಇದೆಯಲ್ಲ ತಾಯಿ."

"ಇರಲಿ. ಅಂಗಿ ಹಳೇದು," ಎಂದಳು.

ಭಾನುವಾರ ಮಧ್ಯಾಹ್ನ ಗಂಡ ಉಂಡು ಮಲಗಿರುವಾಗ ಪಕ್ಕದಲ್ಲಿ ಕುಳಿತು ನೋಡುವುದು ಅಭ್ಯಾಸವಾಗಿತ್ತು. ಒಮ್ಮೆ ಅವನು ಕಣ್ಣು ಬಿಟ್ಟ.

"ಏನೇ ಹಂಗೆ ನೋಡ್ತಿದ್ದೀಯಾ? ಬದುಕಿದ್ದೀನಾ?"

"ಹದಿನಾಲ್ಕು."

"ಕಡಿಮೆನಾ?"

"ಸೋಮಾರಿಗಳಿಗೆ ಸಾಕು. ಮಲಕ್ಕೋ."

ತನ್ನದನ್ನು ಅವಳು ಎಣಿಸಿಕೊಳ್ಳಲು ಹೋಗಲಿಲ್ಲ.

ದೊಡ್ಡಕ್ಕನ ಕೊನೆಯ ದಿನ ಭಾಷಣ, ಹಾರ ಎಲ್ಲ ಬೆಳಗ್ಗೆಯೇ ಮುಗಿಯಿತು. ಮಧ್ಯಾಹ್ನ ಇಬ್ಬರೂ ಬಟ್ಟೆ ಕೋಣೆಯಲ್ಲಿ ಒಗೆದು ಬಂದ ಹಾಸುಗಳನ್ನು ಮಡಚುತ್ತಿದ್ದರು. ಎರಡು ತುದಿ ಆಕೆಯ ಕೈಯಲ್ಲಿ, ಎರಡು ಇವಳ ಕೈಯಲ್ಲಿ.

"ಇಪ್ಪತ್ತೆರಡನೇ ಮಂಚದ್ದು," ಎಂದಳು ದೊಡ್ಡಕ್ಕ. "ಆವತ್ತು ನಿಮ್ಮಮ್ಮಂದು ನಾನು ಎಣಿಸಿರಲಿಲ್ಲ."

"ಗೊತ್ತು."

"ಯಾವಾಗಿಂದ?"

"ಆವತ್ತಿಂದ."

ದೊಡ್ಡಕ್ಕನ ಕೈ ಅಲ್ಲೇ ನಿಂತಿತು. "ಬೈಯಬಹುದಿತ್ತಲ್ಲೇ. ಒಂದು ಮಾತಾದ್ರೂ."

ಇವಳು ಒಳಗೆಲ್ಲ ಹುಡುಕಿದಳು, ಕೈಚೀಲದಲ್ಲಿ ಬೀಗದ ಕೈ ತಡಕುವಂತೆ. "ಬರಲಿಲ್ಲ ದೊಡ್ಡಕ್ಕ. ಅದೇ ನಾಲ್ಕು ಗಂಟೆಗೆ ನನ್ನ ಕಡೆ ಹದಿನಾಲ್ಕು ಜನಕ್ಕೂ ನಾನೂ ಅದನ್ನೇ ಬರೆದಿದ್ದೆ. ಅವರ ಪುಣ್ಯ, ಬದುಕಿಕೊಂಡ್ರು."

ದೊಡ್ಡಕ್ಕ ಹಾಸಿನ ತುದಿಯನ್ನು ಮುಖಕ್ಕೆ ಒತ್ತಿಕೊಂಡಳು. ಇವಳು ತನ್ನ ಎರಡು ತುದಿಗಳನ್ನು ಹಿಡಿದುಕೊಂಡೇ ಕಾದಳು.

"ಅದು ಒಗೆದದ್ದು," ಎಂದಳು ಕೊನೆಗೆ.

ದೊಡ್ಡಕ್ಕ ಅಳುವಿನಲ್ಲೇ ನಕ್ಕಳು. ಇವಳು ಆ ಹಾಸನ್ನು ಆಕೆಯ ಕೈಯಿಂದ ಬಿಡಿಸಿ ಮೈಲಿಗೆ ಬಟ್ಟೆಯ ಬುಟ್ಟಿಗೆ ಹಾಕಿ, ಹೊಸದೊಂದನ್ನು ಎಳೆದು ಎರಡು ತುದಿ ಆಕೆಗೆ ಕೊಟ್ಟಳು. ರಾಶಿ ಮುಗಿಯುವವರೆಗೂ ಮಡಚಿದರು.

ಎರಡು ಗಂಟೆಗೆ ಸುತ್ತಿಗೆ ಹೊರಟಳು. ಒಂಬತ್ತನೆಯ ಮಂಚದಲ್ಲಿ ಈಗ ನಲ್ಲಿ ರಿಪೇರಿಯವನು, ಅಪೆಂಡಿಕ್ಸ್ ತೆಗೆದು ಎರಡು ದಿನವಾಗಿತ್ತು.

"ನಾಡಿ ಹೆಂಗಿದೆ ಸಿಸ್ಟರ್?"

"ಮಾತಾಡಬೇಡಿ, ಎಣಿಸ್ತಿದ್ದೀನಿ."

ಹದಿನೆಂಟು ಬಂತು. ಅವಳಿಗೆ ನಂಬಿಕೆ ಬರಲಿಲ್ಲ. ಕೈ ಬಿಡದೆ ಇನ್ನೊಂದು ನಿಮಿಷ ನಿಂತಳು. ಹಿಂದೆ ಚಹಾ ಗಾಡಿಯವನು ಕೆಮ್ಮಿದ.