ಉಡಿಗೆ ಬಿದ್ದ ಕೋಟಿಯ ನೋಟು

ಸಂಡೂರಿನ ಗಣಿಯಲ್ಲಿ ಗುಮಾಸ್ತನಾಗಿದ್ದಾಗ ಅಲ್ಲಿಯ ಬಿಳಿಯ ಎಂಜಿನಿಯರ್ ಒಬ್ಬ ನನಗೆ ಆಗಾಗ ಜರ್ಮನಿಯ ನೋಟು ಕೊಡುತ್ತಿದ್ದ. ದೊಡ್ಡ ಯುದ್ಧ ಮುಗಿದ ಮೇಲೆ ಆ ದೇಶದಲ್ಲಿ, ಬೆಳಿಗ್ಗೆ ರೊಟ್ಟಿ ಬರುತ್ತಿದ್ದ ನೋಟಿಗೆ ಸಂಜೆ ಉಪ್ಪೂ ಬರುತ್ತಿರಲಿಲ್ಲವಂತೆ. ಸೊನ್ನೆಯ ಮೇಲೆ ಸೊನ್ನೆ ಅಚ್ಚು ಹಾಕಿದ್ದರು. ಹಿಂಬದಿ ಬರೀ ಖಾಲಿ. ಬೇವಿನೆಲೆ ಇಟ್ಟು, ಹಳೆಯ ಧೋತರದಲ್ಲಿ ಸುತ್ತಿ, ಹೊಸಪೇಟೆಯ ಮನೆಯ ಟ್ರಂಕಿನಲ್ಲಿ ಇಡುತ್ತಿದ್ದೆ. ಊರಿಗೆ ಬಂದಾಗ ಕೈ ಒರೆಸಿಕೊಂಡು ಒಂದೊಂದೇ ಬಿಡಿಸಿ ನೋಡುತ್ತಿದ್ದೆ.

"ಇದು ಭಾಳ ದೊಡ್ಡದೇನ್ರಿ?" ಎಂದು ಹೆಂಡತಿ ಕೇಳಿದರೆ "ಕೋಟಿ" ಎನ್ನುತ್ತಿದ್ದೆ. ಸುಳ್ಳಲ್ಲ. ಮುಂದಿನ ಮಾತು ಮಾತ್ರ ಹೇಳುತ್ತಿರಲಿಲ್ಲ.

ಒಂದು ಶ್ರಾವಣದಲ್ಲಿ, ತಾಯಿಯಿಲ್ಲದ ನನ್ನ ಹೆಂಡತಿಯನ್ನು ಸಾಕಿದ ಚಿಕ್ಕಮ್ಮ ಕಂಪ್ಲಿಯಿಂದ ಬಂದಿದ್ದರು. ನಾನು ಸಂಡೂರಿನಲ್ಲಿದ್ದೆ. ಹೊರಡುವಾಗ ಅವರ ಉಡಿಗೆ ಅಕ್ಕಿ, ಕೊಬ್ಬರಿ, ಕುಬಸದ ಕಣದ ಬಟ್ಟೆ ಹಾಕಿ, ಅದರ ಮೇಲೆ ಬೆಳ್ಳಿ ರೂಪಾಯಿಯ ಬದಲು ಹೆಂಡತಿ ನನ್ನ ಕೋಟಿಯ ನೋಟನ್ನು ಇಟ್ಟಳು.

"ಸಾಕಿದಾಕಿಗೆ ರೂಪಾಯಿ ಸಣ್ಣದಾಗ್ತಿತ್ತು," ಎಂದು ನಾನು ಬಂದಾಗ ಹೆಮ್ಮೆಯಿಂದ ಹೇಳಿದಳು.

"ಅದು ನಡಿಯೂದಿಲ್ಲ. ಬರೇ ಕಾಗದ."

ಹಂಚಿನ ಮೇಲಿನ ರೊಟ್ಟಿ ತಿರುವುವುದನ್ನು ಮರೆತು ನನ್ನನ್ನೇ ನೋಡಿದಳು. "ಹಂಗಾದ್ರ ಇಷ್ಟು ದಿನಾ ಯಾಕ ಬಾಯಿ ಮುಚ್ಚಿದ್ರಿ? ಚಿಗವ್ವ ಅದನ್ನ ಅಂಗಡ್ಯಾಗ ಕೊಟ್ರ, ನಾ ಆಕೀಗೆ ಹೆಂಗ ಮುಖ ತೋರ್ಸ್ಲಿ?"

ಮರುದಿನ ಬೆಳ್ಳಿ ರೂಪಾಯಿ ಕಟ್ಟಿಕೊಂಡು ಬುಕ್ಕಸಾಗರ ಹಾದು ಕಂಪ್ಲಿಗೆ ಹೋಗುವ ಬಂಡಿ ಹತ್ತಿದೆ. ಹೆಂಡತಿಯ ಮಾನ ಉಳಿಸಲು ಹೊರಟವನು, ದಾರಿಯುದ್ದಕ್ಕೂ ನೋಟು ಮಡಿಕೆ ಬಿದ್ದಿರದಿರಲಿ ಎಂದೇ ಬೇಡುತ್ತಿದ್ದೆ.

"ಬರ್ರಿ ಅಳಿಯಂದ್ರ, ಕುಂದ್ರಿ," ಎಂದು ಚಿಕ್ಕತ್ತೆ ಮಜ್ಜಿಗೆ ಕೊಟ್ಟರು. ನಾನು ಬಾಯಿ ತೆರೆಯುವ ಮೊದಲೇ, "ಆ ನೋಟು ಬಳಿಗಾರನ ಅಂಗಡಿಗೆ ಒಯ್ದಿದ್ನಿ. 'ಅಳಿಯ ಮನ್ಯಾಗ ಅಚ್ಚು ಹಾಕ್ತಾನೇನವ್ವ' ಅಂತ ಎಲ್ಲಾರೂ ನಕ್ಕರು," ಎಂದರು.

ರೂಪಾಯಿಯನ್ನು ಚಾಪೆಯ ಮೇಲಿಟ್ಟೆ. "ಇದನ್ನ ಇಟಗೊಳ್ರಿ ಅತ್ತಿ. ಅದನ್ನ ನನಗ ಕೊಡ್ರಿ."

"ಉಡಿಗೆ ಬಿದ್ದದ್ದು ತಿರುಗಿ ಕೊಡಬಾರದು. ನನ್ನ ಮಗಳು ತಿಳೀಲಾರದ ಹಾಕ್ಯಾಳ, ಇರ್ಲಿ." ಚಾಪೆಯ ಮೇಲಿನ ರೂಪಾಯಿ ನೋಡಿ ಕೇಳಿದರು: "ನೀವು ರೂಪಾಯಿ ಕೊಡಾಕ ಬಂದ್ರೋ, ಕಾಗದ ಒಯ್ಯಾಕ ಬಂದ್ರೋ?"

ನನ್ನ ಕಣ್ಣು ಆಗಲೇ ಗೋಡೆಯ ಮೇಲಿತ್ತು. ದೇವರ ಗೂಡಿನ ಪಕ್ಕ ಗಂಜಿಯಿಂದ ನೋಟನ್ನು ಅಂಟಿಸಿ, ಸೊನ್ನೆಗಳ ನಡುವೆ ಕುಂಕುಮವಿಟ್ಟಿದ್ದರು. ನಾನು ಮಜ್ಜಿಗೆಯ ಲೋಟ ಎತ್ತಿದೆ.

ಹೊರಡುವಾಗ ಅವರು ರೂಪಾಯಿಯನ್ನು ನನ್ನ ಕೈಗೇ ಇಟ್ಟರು. "ಆಕೀಗೆ ಬಳಿ ಇಡಸ್ರಿ. ಏನೂ ಬೈಬ್ಯಾಡ್ರಿ."

ಬಳೆ ಇಡಿಸಿದೆ. ಚಿಗವ್ವ ಏನಂದಳು ಎಂದು ಹೆಂಡತಿ ಕೇಳಿದಾಗ, ಆ ಅಂಗಡಿಯ ನಗುವನ್ನೂ, ನನ್ನನ್ನು ಕೇಳಿದ ಪ್ರಶ್ನೆಯನ್ನೂ ತಲೆ ತಗ್ಗಿಸಿಯೇ ಹೇಳಿ ಮುಗಿಸಿದೆ.