ಮಿಂಚುಳ್ಳಿಯ ಗೂಡು ತೋರಿಸಿದ್ದು ನಾನೇ

ಶಾಲೆಯಿಂದ ನಿವೃತ್ತನಾದ ಮೇಲೆ ಭಾನುವಾರ ಬೆಳಗ್ಗೆ ಕೆರೆಬದಿ ಸುತ್ತಿ ಹಕ್ಕಿ ನೋಡುವುದು ನನ್ನ ಅಭ್ಯಾಸ. ಜೊತೆಗೆ ಪುತ್ತೂರು ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಬ್ಯಾರಿ ಗೆಳೆಯ. ಗಲ್ಫಿನಲ್ಲಿ ಇಪ್ಪತ್ತು ವರ್ಷ ಮರಳು ನೋಡಿ ಬಂದ ಅವರಿಗೆ ಕಾಗೆ ಕಂಡರೂ ಖುಷಿ.

ಕಳೆದ ಮಳೆಗಾಲದಲ್ಲಿ ಬೆಟ್ಟಂಪಾಡಿ ಕಡೆಯ ಕೆರೆಯೊಂದಕ್ಕೆ ಹೋಗುವ ಕಾಲುದಾರಿಯಲ್ಲಿ, ಗೋಡೆಯಂತೆ ಕಡಿದಾಗಿ ನಿಂತ ಮಣ್ಣಿನ ಬರೆಯ ತೂತೊಂದರಲ್ಲಿ ಪುಟ್ಟ ಮಿಂಚುಳ್ಳಿಯ ಗೂಡು ಕಂಡೆವು. ಮುಷ್ಟಿಯೊಳಗೆ ಹಿಡಿಸುವಷ್ಟೇ ಹಕ್ಕಿ. ಕಿತ್ತಳೆ ಎದೆ, ನೇರಳೆ ಬೆನ್ನು. ಪೊದೆಯ ಮರೆಯಿಂದ ಒಳಗೆ ಮರಿಗಳಿಗೆ ತಿನಿಸು ಒಯ್ಯುತ್ತಿತ್ತು. ಸಂಭ್ರಮ ತಡೆಯಲಾರದೆ ಹಕ್ಕಿ ನೋಡುವವರ ವಾಟ್ಸಾಪ್ ಗುಂಪಿನಲ್ಲಿ ಬರೆದೆ. ಫೋಟೋಗ್ರಾಫರ್ ಒಬ್ಬ ಫೋನ್ ಮಾಡಿ ವಿನಯದಿಂದ ಜಾಗ ಕೇಳಿದ. ಹೇಳಿದೆ.

ಮರುವಾರ ಹೋದರೆ ಬರೆಯ ಮೇಲಿನ ಪೊದೆಗಳೇ ಇಲ್ಲ. ಎಲ್ಲ ಕತ್ತಿಯಿಂದ ಸವರಿ, ಬೇರು ಸಮೇತ ಕಿತ್ತು ಹಾಕಿದ್ದರು. ತೂತಿನ ಎದುರು ಹಕ್ಕಿ ಕೂರಲೆಂದು ಕೋಲು ನೆಟ್ಟು, ನಾಲ್ಕು ಹೆಜ್ಜೆ ದೂರದಲ್ಲಿ ಆ ಫೋಟೋಗ್ರಾಫರೂ ಇನ್ನಿಬ್ಬರೂ ಕ್ಯಾಮೆರಾ ಹಿಡಿದು ಕೂತಿದ್ದರು. ಮಿಂಚುಳ್ಳಿ ಹಲ್ಲಿಮರಿ ಕಚ್ಚಿಕೊಂಡು ತೂತಿನ ಹತ್ತಿರ ಬರುತ್ತಿತ್ತು, ಹೆದರಿ ತಿರುಗುತ್ತಿತ್ತು. ಮತ್ತೆ ಬರುತ್ತಿತ್ತು.

"ಏಳಿ ಇಲ್ಲಿಂದ!" ಕಿರುಚಿದೆ. ತರಗತಿಯಲ್ಲೂ ಒಮ್ಮೆಯೂ ಹಾಗೆ ಕಿರುಚಿದವನಲ್ಲ.

ಅವನು ಕ್ಯಾಮೆರಾದಿಂದ ಕಣ್ಣು ತೆಗೆಯಲಿಲ್ಲ. "ಎಂತ ಮಾಷ್ಟ್ರೇ, ಜಾಗ ಹೇಳಿದ್ದು ನೀವೇ ಅಲ್ವಾ? ಇನ್ನೊಂದು ಹತ್ತು ನಿಮಿಷ ಅಷ್ಟೆ."

ಗೆಳೆಯ ಸೀದಾ ಹೋಗಿ ಕೋಲು ಕಿತ್ತೆಸೆದು, ಕ್ಯಾಮೆರಾಕ್ಕೆ ಅಡ್ಡ ನಿಂತರು. "ಬೇಕಾದ್ರೆ ನನ್ನ ಫೋಟೋ ತೆಗೀರಿ ಮಾರಾಯ್ರೆ. ಅದಕ್ಕೆ ಮಕ್ಕಳಿಗೆ ಊಟ ಕೊಡ್ಲಿಕ್ಕೆ ಉಂಟು."

ಮೂವರೂ ಗೊಣಗುತ್ತಾ ಎದ್ದು ಹೋದರು. ನಾವೂ ದೂರ ಸರಿದೆವು. ಸ್ವಲ್ಪ ಹೊತ್ತಿನಲ್ಲಿ ಹಕ್ಕಿ ಒಳಗೆ ನುಗ್ಗಿತು.

ಆ ಬುಧವಾರ ಜೋರು ಮಳೆ. ಬೇರಿನ ಹಿಡಿತ ಕಳೆದುಕೊಂಡ ಬರೆ ಜರಿದು ಬಿತ್ತು. ಗುರುವಾರ ನಾವು ನೋಡಿದ್ದು ಕೆಂಪು ಮಣ್ಣಿನ ರಾಶಿ ಮಾತ್ರ.

ಅದೇ ಸಂಜೆ ಗುಂಪಿನಲ್ಲಿ ಅವನು ತೆಗೆದ ಮಿಂಚುಳ್ಳಿಯ ಫೋಟೋ ಬಂತು. ಕೆಳಗೆ ಸಾಲುಸಾಲು ಚಪ್ಪಾಳೆ. ನಡೆದದ್ದನ್ನೆಲ್ಲ ಬರೆದೆ. ಗುಂಪಿನ ವಾತಾವರಣ ಕೆಡಿಸುತ್ತೀರಿ ಎಂದು ನನ್ನನ್ನೇ ಹೊರಗೆ ಹಾಕಿದರು.

"ಬಿಡಿ ಮಾಷ್ಟ್ರೇ, ಎಷ್ಟು ದಿನ ಅಂತ ಅದನ್ನೇ ಹೇಳುದು?" ಎನ್ನುತ್ತಾರೆ ಗೆಳೆಯ. ಬಿಡಲು ಆಗುತ್ತಿಲ್ಲ. ಅವನ ಮೇಲಿನ ಸಿಟ್ಟು ಎಂದಾದರೂ ಇಳಿದೀತು. ಫೋನಿನಲ್ಲಿ ದಾರಿ ವಿವರಿಸುವಾಗ ನನ್ನ ದನಿಯಲ್ಲಿದ್ದ ಜಂಬ ನೆನಪಾದರೆ ಮಾತ್ರ ಇವತ್ತಿಗೂ ಮೈ ಉರಿಯುತ್ತದೆ.