ಕೆರೂರಿಗೆ ಹೋದ ಸೀರೆ

ಇಂಗ್ಲೆಂಡಿನಲ್ಲಿ ಬೇಸಿಗೆ ಅಂದರೆ ಇಳಕಲ್ಲಿನಲ್ಲಿ ಮಳೆಗಾಲ. ಮಳೆ ಬರುತ್ತದೋ ಬಿಡುತ್ತದೋ, ಬಸ್ ಸ್ಟ್ಯಾಂಡ್ ಹಿಂದಿನ ಚಾದಂಗಡಿಯಲ್ಲಿ ನಮ್ಮ ಜಗಳ ಮಾತ್ರ ಪ್ರತಿವರ್ಷ ತಪ್ಪದೆ ಶುರುವಾಗುತ್ತದೆ. ಆ ಎರಡು ಮೂರು ತಿಂಗಳು ಅಲ್ಲಿನ ಫುಟ್‌ಬಾಲ್ ಕ್ಲಬ್ಬುಗಳು ಆಟಗಾರರನ್ನು ಕೊಳ್ಳುತ್ತವೆ, ಮಾರುತ್ತವೆ. ಯಾರನ್ನು ಕೊಳ್ಳಬೇಕಿತ್ತು, ಯಾರನ್ನು ಬಿಡಬಾರದಿತ್ತು ಎಂದು ಇಲ್ಲಿ ನಾವು ಮೂವರು ಬೆಳಗಿನ ಏಳಕ್ಕೇ ತೀರ್ಪು ಕೊಡುತ್ತೇವೆ. ನಮ್ಮ ತೀರ್ಪು ಅಲ್ಲಿಗೆ ಮುಟ್ಟಿದ ಸುದ್ದಿ ಈತನಕ ಬಂದಿಲ್ಲ.

ಮೂವರು ಅಂದರೆ ನಾನು, ಒಬ್ಬ ಮಾಸ್ತರು, ಮತ್ತು ನನ್ನ ಗೆಳೆಯ. ನಾನು ನೇಕಾರರ ಮನೆಗಳಿಂದ ಸೀರೆ ತಂದು ಅಂಗಡಿಗಳಿಗೆ ಕೊಡುವವನು. ಮಾಸ್ತರು ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಾರೆ, ಹಾಗಾಗಿ ಫುಟ್‌ಬಾಲಿನಲ್ಲೂ ತಮ್ಮ ಲೆಕ್ಕವೇ ಸರಿ ಎಂಬ ನಂಬಿಕೆ. ಗೆಳೆಯ ಕುಣಿಮಗ್ಗದ ನೇಕಾರ. ಓಣಿಯ ತುಂಬ ಪವರ್‌ಲೂಮ್ ಸದ್ದು ಮಾಡುತ್ತಿದ್ದರೂ ಅವನು ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ಲಾಳಿ ಎಸೆಯುವುದನ್ನು ಬಿಟ್ಟಿಲ್ಲ. ನಾವಿಬ್ಬರೂ ಒಂದೇ ಓಣಿಯವರು, ಒಂದೇ ವಯಸ್ಸಿನವರು.

ಇಷ್ಟು ದೂರದ ಕ್ಲಬ್ಬು ನಮ್ಮದು ಹೇಗಾಯಿತು ಎಂದು ಕೇಳುವವರಿದ್ದಾರೆ. ದೊಡ್ಡ ಕಾರಣವೇನಿಲ್ಲ. ಬಹಳ ವರ್ಷಗಳ ಹಿಂದೆ ಟಿವಿಯಲ್ಲಿ ಮೊದಲ ಸಲ ಅವರ ಆಟ ನೋಡಿದಾಗ ಗೆಳೆಯ, "ಲೇ, ನಮ್ಮ ಸೆರಗಿನ ಬಣ್ಣ ಹಾಕ್ಕೊಂಡಾರಲೇ" ಅಂದ. ಇಳಕಲ್ ಸೀರೆಯ ಸೆರಗು ಕೆಂಪು, ಅದರಲ್ಲಿ ಬಿಳಿಯ ತೆನೆಗಳು. ಅವರ ಅಂಗಿಯೂ ಕೆಂಪು ಬಿಳಿ. ಅವತ್ತಿನಿಂದ ನಾವು ಅವರ ಪೈಕಿಯವರಾದೆವು. ಮಾಸ್ತರು ಆಮೇಲೆ ಸೇರಿಕೊಂಡರು.

ಆ ವರ್ಷ ಜೂನ್ ತಿಂಗಳಲ್ಲಿ ಒಂದು ಬೆಳಿಗ್ಗೆ ಮಾಸ್ತರು ಮೊಬೈಲ್ ನೋಡಿ, "ಮುಗೀತು ನೋಡ್ರಿ" ಅಂದರು. ಕ್ಲಬ್ಬು ತನ್ನ ಹಳೆಯ ಗೋಲ್‌ಕೀಪರನನ್ನು ಕೈಬಿಟ್ಟಿತ್ತು. ಹತ್ತು ವರ್ಷಕ್ಕೂ ಮೇಲೆ ಗೋಲಿನ ಮುಂದೆ ನಿಂತವನು. ಅವನು ರಜೆಯ ಮೇಲೆ ಎಲ್ಲೋ ಸಮುದ್ರದ ದಂಡೆಯಲ್ಲಿದ್ದನಂತೆ, ತನ್ನನ್ನು ಬಿಟ್ಟ ಸುದ್ದಿಯನ್ನು ಎಲ್ಲರ ಹಾಗೆ ಅವನೂ ಮೊಬೈಲಿನಲ್ಲೇ ಓದಿದನಂತೆ.

ನನಗೆ ಸಿಟ್ಟು ನೆತ್ತಿಗೇರಿತು. ನನ್ನ ಸಿಟ್ಟು ಹಾಗೇ, ನನಗೆ ಸಂಬಂಧವಿಲ್ಲದ ಕಡೆ ಬಲು ಬೇಗ ಬರುತ್ತದೆ. ಚಾದ ಗ್ಲಾಸನ್ನು ಬೆಂಚಿನ ಮೇಲೆ ಕುಕ್ಕಿ, "ಮ್ಯಾನೇಜ್‌ಮೆಂಟಿಗೆ ಮಾನ ಮರ್ಯಾದಿ ಐತೇನ್ರಿ? ಕಳ್ಳರು!" ಎಂದು ಕೂಗಿದೆ. ಅಂಗಡಿಯವನು ನನ್ನನ್ನಲ್ಲ, ಗ್ಲಾಸನ್ನು ನೋಡಿದ.

ಮಾಸ್ತರು ಕ್ಲಬ್ಬಿನ ಪರ ವಾದಿಸಿದರು. "ವಯಸ್ಸಾಗೇತಿ ಆತಗ. ಹೋದ ವರ್ಷ ಎಷ್ಟ ಗೋಲ್ ಬಿಟ್ಟಾನ ನೋಡ್ರಿ. ಎಷ್ಟ ದಿನಾ ಅಂತ ಇಟಗೊಳ್ಳೂದು?"

ಗೆಳೆಯ ಬಿಸ್ಕೀಟು ಚಾದಲ್ಲಿ ಅದ್ದುತ್ತ ಕೂತಿದ್ದ. ಅವನೂ ಗೋಲ್‌ಕೀಪರನೇ, ಅದನ್ನು ಆಮೇಲೆ ಹೇಳುತ್ತೇನೆ. "ತಗದ್ರ ತಗೀಲಿ ಬಿಡ್ರಿ ಮಾಸ್ತರ್ರ. ಅದು ಅವರ ಧಂದಾ. ಖರೆ, ಎದುರ ಕುಂದರಿಸಿ ಒಂದ ಮಾತ ಹೇಳಬೇಕಿತ್ತು. ಅಷ್ಟ" ಅಂದ.

ನಾನು ಬೆಂಚು ಗುದ್ದಿ, "ಅದನ್ನ ಹೇಳಾಕ ಹತ್ತೇನಿ ನಾನೂ" ಅಂದೆ.

ಈಗ ನಮ್ಮ ಸ್ವಂತ ತಂಡದ ಮಾತು. ಊರಲ್ಲಿ ನಮ್ಮದೊಂದು ರವಿವಾರದ ತಂಡ ಇದೆ. ನೇಕಾರರು, ಗ್ರಾನೈಟ್ ಪಾಲಿಶ್ ಮಾಡುವವರು, ಒಬ್ಬ ಬಸ್ ಕಂಡಕ್ಟರ್, ಹೀಗೆ. ಶಾಲೆಯ ಮೈದಾನದಲ್ಲಿ ಆಡುತ್ತೇವೆ. ಮೊಣಕಾಲು ಕೈಕೊಟ್ಟ ಮೇಲೆ ನಾನು ಆಡುವುದನ್ನು ಬಿಟ್ಟು ಮ್ಯಾನೇಜರ್ ಆದೆ. ನನ್ನನ್ನು ಯಾರೂ ಆರಿಸಲಿಲ್ಲ, ಯಾರೂ ಬೇಡ ಅನ್ನಲೂ ಇಲ್ಲ. ಮಾಸ್ತರು ನನ್ನ ಕಮಿಟಿ. ಗೋಲಿನಲ್ಲಿ ಮಾತ್ರ ತಂಡ ಹುಟ್ಟಿದಾಗಿನಿಂದ ಗೆಳೆಯನೇ. ಪ್ರತಿ ಶ್ರಾವಣದಲ್ಲಿ ಬಾಗಲಕೋಟೆಯಲ್ಲಿ ಸುತ್ತಲಿನ ಊರುಗಳ ತಂಡಗಳೆಲ್ಲ ಸೇರಿ ಒಂದು ಟೂರ್ನಮೆಂಟ್ ಆಡುತ್ತವೆ. ಅವನು ವರ್ಷವಿಡೀ ಅದಕ್ಕಾಗಿ ಕಾಯುತ್ತಾನೆ. ಮಗ್ಗದ ಮೇಲಿನ ಮೊಳೆಗೆ ಅವನ ಗ್ಲೌಸು ನೇತಾಡುತ್ತಿರುತ್ತವೆ.

ಹಿಂದಿನ ವರ್ಷ ಅಲ್ಲಿ ಮೊದಲ ಆಟದಲ್ಲೇ ಸೋತು ಬಂದಿದ್ದೆವು. ಚೆಂಡು ಅವನ ಎಡಕ್ಕೆ, ಮೆಲ್ಲಗೆ, ದಾರಿ ಕೇಳಿಕೊಂಡು ಬಂದ ಹಾಗೆ ಬಂತು. ಅವನು ಬೀಳುವ ಹೊತ್ತಿಗೆ ಅದು ಒಳಗೆ ಹೋಗಿತ್ತು. ಎಡಗಡೆ ಬೀಳುವುದು ಅವನಿಗೆ ತಡವಾಗುತ್ತಿದೆ ಎಂದು ನನಗೆ ಗೊತ್ತಿತ್ತು, ಮಾಸ್ತರಿಗೂ ಗೊತ್ತಿತ್ತು. ಅವನಿಗೆ ಗೊತ್ತಿತ್ತೋ ಇಲ್ಲವೋ ಎಂದು ನಾವು ಕೇಳಲಿಲ್ಲ.

ಜುಲೈಯಲ್ಲಿ ಒಂದು ರವಿವಾರ ನಾನು, ಮಾಸ್ತರು ಕೆರೂರಿಗೆ ಹೋದೆವು. ಅಲ್ಲಿನ ಒಂದು ಗ್ಯಾರೇಜಿನಲ್ಲಿ ಕೆಲಸ ಮಾಡುವ ಇಪ್ಪತ್ತೆರಡರ ಹುಡುಗನೊಬ್ಬ ಬಾದಾಮಿ ತಂಡದ ಗೋಲಿನಲ್ಲಿ ಚೆನ್ನಾಗಿ ನಿಲ್ಲುತ್ತಾನೆಂದು ಕೇಳಿದ್ದೆವು. ಆ ವರ್ಷ ಬಾದಾಮಿಯವರು ಟೂರ್ನಮೆಂಟಿಗೆ ಬರುವವರಿರಲಿಲ್ಲ. ಎರಡು ಹೊಸ ಚೆಂಡು ಕೊಟ್ಟರೆ ಹುಡುಗನನ್ನು ಬಿಡುತ್ತೇವೆ ಅಂದರು. ಮಾಸ್ತರು ಗ್ಯಾರೇಜಿನ ಮುಂದೆ ಅವನನ್ನು ನಾಲ್ಕು ಸಲ ಜಿಗಿಸಿ, ಮೊಣಕಾಲು ಒತ್ತಿ ನೋಡಿ, "ಮೆಡಿಕಲ್ ಪಾಸ್" ಅಂದರು. ಕೊಳ್ಳುವ ಮೊದಲು ಆಟಗಾರನ ಮೈ ತಪಾಸಣೆ ಮಾಡಿಸುವ ಇಂಗ್ಲೆಂಡಿನ ಸುದ್ದಿ ಓದಿ ಓದಿ ನಮಗೂ ಆ ಹುಚ್ಚು ಹತ್ತಿತ್ತು.

ತಕರಾರು ತೆಗೆದದ್ದು ಹುಡುಗನ ತಾಯಿ. ಮಗ ಕಾಲು ಮುರಿದುಕೊಂಡು ಬಂದರೆ ಯಾರು ನೋಡುತ್ತಾರೆ ಎಂದು ಮೊದಲು ಬೈದಳು. ಆಮೇಲೆ ನಾನು ಇಳಕಲ್ಲಿನವನು, ಸೀರೆ ವ್ಯಾಪಾರದವನು ಎಂದು ತಿಳಿದು ದನಿ ಇಳಿಸಿದಳು. "ಅಷ್ಟ ಬೇಕಾಗಿದ್ರ ಒಂದ ಛಲೋ ಕೈಮಗ್ಗದ ಸೀರಿ ತಗೊಂಡ ಬರ್ರಿ. ಕಳಸ್ತೇನಿ" ಅಂದಳು. ಅರ್ಧ ಚೇಷ್ಟೆ, ಅರ್ಧ ಖರೆ. ನಾನು ಪೂರಾ ಖರೆ ಮಾಡಿ ಒಪ್ಪಿಕೊಂಡೆ.

ಕೈಮಗ್ಗದ ಸೀರೆ ಚೆನ್ನಾಗಿ ಬರಬೇಕೆಂದರೆ ನನಗೆ ಹೊಳೆಯುವುದು ಒಂದೇ ಮನೆ. ಬೇರೆ ನೇಕಾರರಿರಲಿಲ್ಲವೇ? ಇದ್ದರು. ಅಷ್ಟು ವರ್ಷದ ಕಾಲಿನ ರೂಢಿ, ಗೆಳೆಯನ ಬಾಗಿಲಿಗೇ ಹೋಗಿ ನಿಂತೆ. ಇಲ್ಲಿ ಸೀರೆಯ ಮೈಗೂ ಸೆರಗಿಗೂ ಹಾಸನ್ನು, ಅಂದರೆ ಉದ್ದದ ಎಳೆಗಳನ್ನು, ಬೇರೆ ಬೇರೆ ಮಾಡಿ, ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುತ್ತಾರೆ. ಅದಕ್ಕೆ ಒಂದೊಂದು ಸೀರೆಯನ್ನೂ ಹೇಳಿದ ಹಾಗೆ ನೇಯಿಸಬಹುದು. ಯಾರಿಗೆ ಎಂದು ಅವನು ಕೇಳಿದ.

"ಅವ್ವಗ. ಪಂಚಮಿಗೆ" ಅಂದೆ.

ಸುಳ್ಳು ಹೇಳಬೇಕೆಂದು ಮನೆಯಿಂದ ಹೊರಟವನಲ್ಲ. ಬಾಯಿಗೆ ಅದು ಬಂತು, ಬಂದದ್ದು ಅನುಕೂಲವಾಗಿತ್ತು, ಹಾಗೇ ಬಿಟ್ಟೆ. ಅವನ ಮುಖ ಅರಳಿತು. ಹುಡುಗರಿದ್ದಾಗ ಒಮ್ಮೆ ಕಲ್ಲಿನ ಗೋಲ್‌ಪೋಸ್ಟಿಗೆ ಬಡಿದು ಅವನ ಗದ್ದ ಸೀಳಿತ್ತು. ನನ್ನ ಅವ್ವ ಅದಕ್ಕೆ ಅರಿಶಿನ ಒತ್ತಿ, ರೊಟ್ಟಿ ತಿನ್ನಿಸಿ, ಅವನ ಮನೆಗೆ ತಾನೇ ಬಿಟ್ಟು ಬಂದಿದ್ದಳು. ಆ ಗುರುತು ಇನ್ನೂ ಇದೆ.

"ಅವ್ವಗ ದಾಳಿಂಬ್ರಿ ಬಣ್ಣ ಸೇರ್ತೈತಿ. ಅಂಚಿಗೆ ಗೋಮಿ ದಡಿ ಹಾಕ್ತೇನಿ. ನೂಲು ನಿಂದು, ಕೈ ನಂದು. ಕೂಲಿ ಗೀಲಿ ಅಂದ್ರ ನೋಡು ಮತ್ತ" ಅಂದ.

ಹನ್ನೆರಡು ದಿನಕ್ಕೆ ಸೀರೆ ಬಂತು. ಇಪ್ಪತ್ತು ವರ್ಷ ಸೀರೆ ನೋಡಿದ ಕಣ್ಣು ನನ್ನದು, ಅಂಥ ಕೆಲಸ ಅಪರೂಪ. ದಡಿಯ ಅಂಚಿಗೆ, ಹತ್ತಿರ ಹಿಡಿದರೆ ಮಾತ್ರ ಕಾಣುವ ಹಾಗೆ, ಒಂದೇ ಒಂದು ಅರಿಶಿನ ಬಣ್ಣದ ಎಳೆ ಓಡಿತ್ತು. ನಾನು ಬೆರಳಿಟ್ಟು ತೋರಿಸಿದೆ. ಅವನು ಗದ್ದ ಸವರಿಕೊಂಡು ನಕ್ಕ. "ಅವ್ವಗ ಗೊತ್ತಾಕ್ಕೈತಿ" ಅಂದ.

ಅವತ್ತೇ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಮರುದಿನ ಕೆರೂರಿನ ಬಸ್ಸು ಹತ್ತಿದೆ. ಆ ತಾಯಿ ಸೀರೆಯನ್ನು ಮಡಿಲಲ್ಲಿ ಹರಡಿಕೊಂಡು ಎರಡೂ ಕೈಯಿಂದ ಸವರಿದಳು. ಹಳದಿ ಎಳೆ ಅವಳಿಗೆ ಕಂಡಿತೋ ಇಲ್ಲವೋ ಗೊತ್ತಿಲ್ಲ.

ಆಮೇಲೆ ದಿನಾ ಬೆಳಿಗ್ಗೆ ಚಾದಂಗಡಿಯಲ್ಲಿ ಗೆಳೆಯನ ಪಕ್ಕದಲ್ಲೇ ಕೂತು ಇಂಗ್ಲೆಂಡಿನ ಮ್ಯಾನೇಜ್‌ಮೆಂಟನ್ನು ಬೈದೆ. ಆಗ ನಾನು ಬೈದಷ್ಟು ಎಂದೂ ಬೈದಿಲ್ಲ. ಹೊಸ ಗೋಲ್‌ಕೀಪರ್ ಯಾರು ಬರಬಹುದು ಎಂದು ಮಾಸ್ತರು ಮಾತು ತೆಗೆದರೆ ನಾನು ಹಳಬನಿಗಾದ ಅನ್ಯಾಯಕ್ಕೇ ಎಳೆದು ತರುತ್ತಿದ್ದೆ. ಮಾಸ್ತರು ಗ್ಲಾಸಿನ ಮೇಲಿಂದ ನನ್ನನ್ನು ನೋಡುತ್ತಿದ್ದರು. ಒಮ್ಮೆ ಹೊರಗೆ ಬಂದು, "ನೀವ ಹೇಳ್ತೀರೋ, ನಾ ಹೇಳಲ್ಯೋ?" ಅಂದರು. "ನಾ ಹೇಳ್ತೇನ್ರಿ, ನನ್ನ ದೋಸ್ತ ಅಂವ" ಅಂದೆ. ಬಾಗಲಕೋಟೆಯ ಬಸ್ಸಿನಲ್ಲಿ ಹೇಳಿದರಾಯಿತು ಎಂದು ಮನಸ್ಸಿನಲ್ಲೇ ಮುಂದೂಡಿದೆ.

ಪಂಚಮಿ ಬಂತು, ಹೋಯಿತು. ಎಂಟು ದಿನದ ಮೇಲೆ ಬಾಗಲಕೋಟೆಗೆ ಹೊರಟೆವು. ಬಸ್ಸಿನಲ್ಲಿ ಅವನು ನನ್ನ ಪಕ್ಕದಲ್ಲೇ ಕೂತ, ಗ್ಲೌಸಿನ ಚೀಲ ತೊಡೆಯ ಮೇಲೆ. ಉಳಿದವರು ಹಿಂದೆ ಹಾಡು ಹಚ್ಚಿಕೊಂಡಿದ್ದರು. ಹುನಗುಂದ ದಾಟಿದ ಮೇಲೆ ಅವನು, "ಮತ್ತ, ಏನರ ಹೇಳೂದೈತೇನಲೇ?" ಅಂದ. ಅದು ಸುಮ್ಮನೆ ಮಾತಿಗೆ ಕೇಳಿದ್ದು ಅನ್ನಿಸಿತು. ಏನಿಲ್ಲ ಅಂದು, ಕ್ಲಬ್ಬು ಹೊಸದಾಗಿ ಕೊಂಡ, ಎಡ ಅಂಚಿನಲ್ಲಿ ಓಡುವ ಲೆಫ್ಟ್ ವಿಂಗರ್ ಬಗ್ಗೆ ಶುರು ಮಾಡಿದೆ. ಅಮೀನಗಡದಲ್ಲಿ ಬಸ್ಸು ನಿಂತಾಗ ಅವನು ಕರದಂಟು ಕೊಂಡು ತಂದು ಅರ್ಧ ನನಗೆ ಕೊಟ್ಟ. "ಹೇಳಲೇ, ಇನ್ನೂ ಏನೇನೈತಿ" ಅಂದ. ನಾನು ಲೆಫ್ಟ್ ವಿಂಗರನ ಬಲಗಾಲು ಎಷ್ಟು ದುರ್ಬಲ ಎಂದು ವಿವರಿಸಿದೆ.

ಮೈದಾನದಲ್ಲಿ ಕೆರೂರಿನ ಹುಡುಗ ನಮಗಿಂತ ಮೊದಲೇ ಬಂದು ನಿಂತಿದ್ದ. ನಾನು ಚೀಟಿ ತೆಗೆದು ಹನ್ನೊಂದು ಮಂದಿಯ ಹೆಸರು ಓದಿದೆ. ಗೋಲ್‌ಕೀಪರನ ಹೆಸರನ್ನು ಮೊದಲು ಓದುವುದು ಪದ್ಧತಿ, ನಾನು ಆ ಹುಡುಗನ ಹೆಸರನ್ನು ಕೊನೆಗೆ ಓದಿದೆ. ಬೂಟಿನ ಲೇಸು ಕಟ್ಟುತ್ತಿದ್ದ ಗೆಳೆಯ ಅರ್ಧ ಕಟ್ಟಿದ್ದನ್ನು ನಿಧಾನಕ್ಕೆ ಬಿಚ್ಚಿದ. ಎದ್ದು ಆ ಹುಡುಗನ ಹತ್ತಿರ ಹೋಗಿ, "ಬಿಸಲು ಆ ಕಡೆಯಿಂದ ಬರ್ತೈತಿ, ಟೊಪಗಿ ಹಾಕ್ಕೋ" ಎಂದು ತನ್ನ ಟೊಪ್ಪಿಗೆ ಕೊಟ್ಟ.

ಆಗಲೇ ಹುಡುಗನ ತಾಯಿ ಬಂದಳು, ಮಗನ ಆಟ ನೋಡಲಿಕ್ಕೆ. ದಾಳಿಂಬೆ ಬಣ್ಣದ ಸೀರೆ, ಕೆಂಪು ಸೆರಗು. ಅವಳು ಬರುತ್ತಾಳೆಂದು ನಾನು ಎಣಿಸಿರಲಿಲ್ಲ. ನೇಕಾರನಿಗೆ ತಾನು ನೇಯ್ದ ಸೀರೆ ಗುರುತಿಸಲು ದಡಿ ಹತ್ತಿರ ಹಿಡಿದು ನೋಡಬೇಕಾಗಿಲ್ಲ. ಅವನು ನೋಡಿದ ರೀತಿಗೆ ಅವಳೇ ಮಾತಾಡಿಸಿದಳು. "ಹೆಂಗೈತ್ರಿ ಸೀರಿ? ನಿಮ್ಮೂರವ್ರ ತಂದ ಕೊಟ್ಟಾರ, ಮಗನ್ನ ಕಳಸ್ರಿ ಅಂತ."

"ಭಾಳ ಛಲೋ ಐತ್ರೀ ಯಕ್ಕಾ" ಅಂದ ಅವನು.

ನಂತರ ನನ್ನ ಪಕ್ಕಕ್ಕೆ ಬಂದು ನಿಂತ. ಆಟ ಶುರುವಾಗಿತ್ತು. ನಾನು ಚೆಂಡನ್ನೇ ನೋಡುತ್ತಿದ್ದೆ. ಅವನು ಮೈದಾನದ ಕಡೆಗೇ ಮುಖ ಮಾಡಿ ಹೇಳಿದ: "ಹೇಳಿದ್ರೂ ನೇಯ್ತಿದ್ನೆಲೋ."

ನನಗೆ ನಾಚಿಕೆಯಾಯಿತು. ಅಷ್ಟು ಮಂದಿಯ ನಡುವೆ ನಿಂತು ಅತ್ತುಬಿಡುತ್ತೇನೋ ಅನ್ನಿಸಿ ಮೂಗು ಒರೆಸಿಕೊಂಡೆ. ಅವನು ಅಲ್ಲೇ ನಿಂತಿದ್ದ, ದೂರ ಹೋಗಲಿಲ್ಲ.

ಆ ಆಟ ನಾವು ಗೆದ್ದೆವು. ಕೊನೆಯ ನಿಮಿಷದಲ್ಲಿ ಚೆಂಡು ಎಡಗಡೆ ಬಂತು. ಕೆರೂರಿನ ಹುಡುಗ ಉದ್ದಕ್ಕೆ ಬಿದ್ದು ತಡೆದ. ಮೊದಲು ಚಪ್ಪಾಳೆ ತಟ್ಟಿದವನು ನನ್ನ ಗೆಳೆಯ. ಹುಡುಗನನ್ನು ತಂದದ್ದು ತಪ್ಪಲ್ಲ ಎಂದು ಮಾಸ್ತರು ಈಗಲೂ ವಾದಿಸುತ್ತಾರೆ. ಅವರ ಲೆಕ್ಕ ಸರಿಯೇ. ಮುಂದಿನ ಆಟದಲ್ಲಿ ಸೋತು ಮನೆಗೆ ಬಂದೆವು.

ಮರುದಿನ ನಾನು ಇದ್ದುದರಲ್ಲಿ ಚೆಂದದ್ದೊಂದು ಸೀರೆ ತೆಗೆದುಕೊಂಡು ಹೋಗಿ ಅವ್ವನ ಕೈಯಲ್ಲಿಟ್ಟೆ. ಅವ್ವ ಕನ್ನಡಕ ಹಾಕಿಕೊಂಡು ದಡಿಯನ್ನು ತಿರುವಿ ಮುರುವಿ ನೋಡಿದಳು.

"ಇದ ಏನು ಆ ಸೀರಿ?"

"ಯಾವ್ದಬೇ?"

"ಪಂಚಮಿ ದಿನ ನಿನ್ನ ದೋಸ್ತ ಉಂಡಿ ತಿನ್ನಾಕ ಬಂದಿದ್ನಲ್ಲ. ಅವ್ವಾ, ಹೊಸಾ ಸೀರಿ ಯಾಕ ಉಟ್ಟಿಲ್ಲ ಅಂದ. ಯಾವ ಸೀರ್ಯಪಾ, ನನಗ ಯಾರೂ ಕೊಟ್ಟಿಲ್ಲ ಅಂದೆ. ಆಮ್ಯಾಲ, ಮುಂದ ಕೊಡ್ತಾನ ತಡಿ, ನಾನ ಮೊದಲ ಬಾಯಿ ಬಿಟ್ಟೆ ಅಂತ ನಕ್ಕ."

ಅಂದರೆ ಬಾಗಲಕೋಟೆಗೆ ಹೊರಡುವ ಎಂಟು ದಿನ ಮೊದಲೇ ಅವನಿಗೆ ನನ್ನ ಸುಳ್ಳು ಗೊತ್ತಿತ್ತು. ಸೀರೆ ಎಲ್ಲಿಗೆ ಹೋಯಿತೆಂದು ಗೊತ್ತಿರಲಿಲ್ಲ, ಅಷ್ಟೇ. ಎದುರು ಕೂತು ಒಂದು ಮಾತು ಹೇಳಲಿ ಎಂದು ಪಕ್ಕದಲ್ಲಿ ಕೂತಿದ್ದ, ಹುನಗುಂದದಲ್ಲಿ ಒಮ್ಮೆ ಕೇಳಿದ್ದ, ಅಮೀನಗಡದಲ್ಲಿ ಇನ್ನೊಮ್ಮೆ ಕೇಳಿದ್ದ. ನಾನು ಬಾಗಲಕೋಟೆ ಬರುವತನಕ ಅವನಿಗೆ ಇಂಗ್ಲೆಂಡಿನ ಲೆಫ್ಟ್ ವಿಂಗರನ ಬಗ್ಗೆ ಹೇಳುತ್ತಿದ್ದೆ.